ಅಮೆರಿಕದಲ್ಲಿ ಎಸ್‌ಎಲ್‌ಆರ್ ತರಹದ ರೈಫಲ್ ಕೊಳ್ಳುವವರಿಗೆ: ಎಫ್‌ಎಎಲ್ ತದ್ರೂಪು ಆರಿಸುವ ಕ್ರಮ

ಸೇನೆಯಲ್ಲಿ ದುಡಿದವರಿರುವ ಮನೆಗಳಲ್ಲಿ 'ಎಸ್‌ಎಲ್‌ಆರ್' (ಸೆಲ್ಫ್-ಲೋಡಿಂಗ್ ರೈಫಲ್, ಅಂದರೆ ತಾನೇ ತೋಟಾ ತುಂಬಿಕೊಳ್ಳುವ ರೈಫಲ್) ಅನ್ನುವ ಹೆಸರು ಎಲ್ಲರಿಗೂ ಗೊತ್ತು. 1962ರ ಚೀನಾ ಯುದ್ಧದಲ್ಲಿ ನಮ್ಮ ಸೈನಿಕರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಹಳೆಯ .303 ಕೋವಿ. ಒಂದೊಂದು ಈಡಿಗೂ ಬೋಲ್ಟ್ (ತೋಟಾವನ್ನು ನಳಿಗೆಗೆ ತಳ್ಳಿ ಮುಚ್ಚುವ ಭಾಗ) ಎಳೆಯಬೇಕಿತ್ತು. ಆಮೇಲೆ ಅದರ ಜಾಗಕ್ಕೆ ಬಂದದ್ದು 7.62 ಎಂಎಂನ 1ಎ1 ರೈಫಲ್. ಅದನ್ನೇ ಎಲ್ಲರೂ ಎಸ್‌ಎಲ್‌ಆರ್ ಅಂತ ಕರೆದರು. ಇನ್ಸಾಸ್ ರೈಫಲ್ ಬಂದ ಮೇಲೆ ಸೇನೆಯಲ್ಲಿ ಅದರ ಕಾಲ ಮುಗಿಯಿತು. ಪೊಲೀಸರ ಹೆಗಲ ಮೇಲೆ ಇಂದಿಗೂ ಕಾಣುತ್ತದೆ.

ಇದರ ಮೂಲ ಬೆಲ್ಜಿಯಂನ ಎಫ್‌ಎನ್ ಕಂಪನಿಯ ಎಫ್‌ಎಎಲ್. ವಿನ್ಯಾಸಕ ದ್ಯುದೊನೆ ಸೈವ್. 1950ರ ದಶಕದಲ್ಲಿ ಹೊರಬಂದ ಈ ರೈಫಲನ್ನು 90ಕ್ಕೂ ಹೆಚ್ಚು ದೇಶಗಳು ಬಳಸಿದವು. ಇವತ್ತು ಅಮೆರಿಕದಲ್ಲಿ ಇದರ ತದ್ರೂಪುಗಳು ಹೊಸದಾಗಿಯೇ ತಯಾರಾಗುತ್ತವೆ. ಅವು ಸೆಮಿ-ಆಟೊಮ್ಯಾಟಿಕ್ ಮಾತ್ರ, ಅಂದರೆ ಒಂದು ಸಲ ಕುದುರೆ (ಟ್ರಿಗರ್) ಎಳೆದರೆ ಒಂದೇ ಈಡು. ಅಲ್ಲಿ ನೆಲೆಸಿರುವ ನಮ್ಮವರಲ್ಲಿ ಕೆಲವರಿಗೆ ಅಪ್ಪನೋ ಮಾವನೋ ಹೊತ್ತು ತಿರುಗಿದ ರೈಫಲಿನಂಥದ್ದು ಒಂದು ಬೇಕು ಅಂತ ಆಸೆ. ಒಳ್ಳೆಯ ಆಸೆಯೇ. ಆದರೆ ಎರಡು ಸಾವಿರ ಡಾಲರ್ ಆಚೀಚೆ ಖರ್ಚಾಗುವ ವಸ್ತು ಇದು. ಕಾನೂನಿನಲ್ಲಿ ಎಡವಿದರೆ ಹೋಗುವುದು ದುಡ್ಡೊಂದೇ ಅಲ್ಲ. ಅದಕ್ಕೇ ಅಂಗಡಿಗೆ ಹೋಗುವ ಮೊದಲು ಮಾಡಬೇಕಾದ ಕೆಲಸದಿಂದ ಶುರು ಮಾಡುತ್ತೇನೆ.

ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ

ಎಚ್-1ಬಿ, ಎಲ್-1, ಎಫ್-1, ಎಚ್-4, ಬಿ-2. ಇವೆಲ್ಲ ವಲಸೆಯಲ್ಲದ ವೀಸಾಗಳು. ಇಂಥ ವೀಸಾದ ಮೇಲೆ ಇರುವವರು ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಹೊಂದುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಕೆಲವು ವಿನಾಯಿತಿಗಳಿವೆ. ಮುಖ್ಯವಾದದ್ದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು. ಈ ದಾರಿಯಲ್ಲಿ ಕೊಂಡವರೂ ಇದ್ದಾರೆ. ಆದರೂ ನನ್ನ ಸಲಹೆ ಒಂದೇ: ಗ್ರೀನ್ ಕಾರ್ಡ್ ಬರುವ ತನಕ ತಾಳಿ. ಬಂದೂಕಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ಗಡೀಪಾರು ಮಾಡಲು ಅದೇ ಸಾಕು. ಹತ್ತಾರು ವರ್ಷ ಸರದಿಯಲ್ಲಿ ಕಾದು, ಒಂದು ಹವ್ಯಾಸಕ್ಕಾಗಿ ಅದನ್ನೆಲ್ಲ ಪಣಕ್ಕಿಡುವುದು ಬೇಡ. ತಾಳಲು ಆಗದಿದ್ದರೆ ಮೊದಲು ವಲಸೆ ವಕೀಲರ ಹತ್ತಿರ ಹೋಗಿ. ಅಂಗಡಿಯವನ ಮಾತನ್ನೇ ಕಾನೂನು ಅಂದುಕೊಳ್ಳಬೇಡಿ.

ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಕಾರ್ಡಿನ ನಂಬರ್, ಆ ರಾಜ್ಯದಲ್ಲಿ ವಾಸವಾಗಿರುವುದಕ್ಕೆ ಪುರಾವೆ, ವಿಳಾಸ ಸರಿಯಿರುವ ಗುರುತಿನ ಚೀಟಿ ಬೇಕು. ಮನೆ ಬದಲಾಯಿಸಿ ಡ್ರೈವಿಂಗ್ ಲೈಸೆನ್ಸಿನಲ್ಲಿ ಹಳೇ ವಿಳಾಸವೇ ಉಳಿದಿದ್ದರೆ ಅದನ್ನು ಮೊದಲು ಸರಿಪಡಿಸಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಊರಿಂದ ಬಿ-2 ಪ್ರವಾಸಿ ವೀಸಾದಲ್ಲಿ ಅಪ್ಪ ಬರುತ್ತಾರೆ. ಹಳೆಯ ಸೈನಿಕರು. ಅವರನ್ನು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿ ಕೈಗೆ ರೈಫಲ್ ಕೊಡಬೇಕು ಅಂತ ಮಗನಿಗೆ ಆಸೆ. ಸುಮ್ನೆ ಹಾಗೆ ಕೊಡುವಂತಿಲ್ಲ. ರೇಂಜಿನಲ್ಲಿ ಕೆಲ ನಿಮಿಷ ಹಿಡಿಯುವುದೂ ಕಾನೂನಿನ ಕಣ್ಣಲ್ಲಿ 'ಹೊಂದುವುದು'. ಅವರಿಗೂ ಬೇಟೆ ಲೈಸೆನ್ಸಿನಂಥ ವಿನಾಯಿತಿ ಇರಬೇಕು. ಹೊರ ರಾಜ್ಯ, ಹೊರ ದೇಶದವರಿಗೂ ಹಲವು ರಾಜ್ಯಗಳು ಇಂಥ ಲೈಸೆನ್ಸ್ ಕೊಡುತ್ತವೆ. ಅಪ್ಪ ಬರುವ ಮೊದಲೇ ವಿಚಾರಿಸಿಟ್ಟರೆ ಒಳ್ಳೆಯದು.

ಆಮೇಲೆ ನಿಮ್ಮ ರಾಜ್ಯ

ಕನ್ನಡಿಗರು ಜಾಸ್ತಿ ಇರುವ ಎರಡು ಕಡೆ ಕ್ಯಾಲಿಫೋರ್ನಿಯಾದ ಬೇ ಏರಿಯಾ ಮತ್ತು ನ್ಯೂಜೆರ್ಸಿ. ದುರದೃಷ್ಟಕ್ಕೆ ಎರಡೂ ಕಡೆ ಈ ರೈಫಲಿಗೆ ದಾರಿ ಮುಚ್ಚಿದೆ. ಕ್ಯಾಲಿಫೋರ್ನಿಯಾದ 1989ರ ಕಾನೂನಿನ ಪಟ್ಟಿಯಲ್ಲಿ ಎಫ್‌ಎಎಲ್ ಹೆಸರು ಹೇಳಿಯೇ ಸೇರಿಸಿದ್ದಾರೆ. ನ್ಯೂಜೆರ್ಸಿ, ಮೇರಿಲ್ಯಾಂಡ್ ಪಟ್ಟಿಗಳಲ್ಲೂ ಇದೆ. ವಾಷಿಂಗ್ಟನ್ ರಾಜ್ಯ 2023ರಲ್ಲಿ ಇಂಥ ರೈಫಲುಗಳ ಮಾರಾಟ ನಿಲ್ಲಿಸಿತು. ನ್ಯೂಯಾರ್ಕ್, ಮಸಾಚುಸೆಟ್ಸ್, ಕನೆಕ್ಟಿಕಟ್‌ಗಳಲ್ಲೂ ಕಟ್ಟುನಿಟ್ಟು. ಇಲಿನಾಯ್ ಕಥೆ ಇನ್ನೂ ವಿಚಿತ್ರ. ಅಮೆರಿಕದಲ್ಲಿ ಎಫ್‌ಎಎಲ್ ತದ್ರೂಪಿಗೆ ಹೆಸರಾದ ಡಿಎಸ್ ಆರ್ಮ್ಸ್ ಅಲ್ಲಿನ ಕಂಪನಿಯೇ. ಆದರೆ 2023ರ ಜನವರಿಯ ಕಾನೂನಿನ ಪ್ರಕಾರ ಆ ರಾಜ್ಯದ ಸಾಮಾನ್ಯ ಜನ ಇಂಥದ್ದನ್ನು ಹೊಸದಾಗಿ ಕೊಳ್ಳುವಂತಿಲ್ಲ. ಈ ಕಾನೂನುಗಳಲ್ಲಿ ಹಲವಕ್ಕೆ ಕೋರ್ಟುಗಳಲ್ಲಿ ಸವಾಲು ಹಾಕಿದ್ದಾರೆ. ಆದ್ದರಿಂದ ದುಡ್ಡು ಕಟ್ಟುವ ದಿನ ಕಾನೂನು ಏನಿದೆ ಅಂತ ಮತ್ತೆ ನೋಡಿಕೊಳ್ಳಿ.

ಟೆಕ್ಸಸ್, ಅರಿಜೋನಾ, ಜಾರ್ಜಿಯಾ, ನಾರ್ತ್ ಕ್ಯಾರೊಲಿನಾದಲ್ಲಿ ಇರುವವರಿಗೆ ಈ ತೊಡಕಿಲ್ಲ. ಆದರೆ ಡಲ್ಲಾಸಿನಲ್ಲಿ ಕೊಂಡು, ಕೆಲಸ ಬದಲಾದಾಗ ಅದನ್ನು ಕಾರಿನಲ್ಲಿಟ್ಟುಕೊಂಡು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಗೆ ಹೋಗುವಂತಿಲ್ಲ. ಮುಂದಿನ ಕೆಲ ವರ್ಷ ಎಲ್ಲಿರುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಭಾರತಕ್ಕೆ ವಾಪಸ್ ಹೋಗುವ ಯೋಚನೆ ಇದ್ದರೆ ಇನ್ನೂ ಸ್ಪಷ್ಟವಾಗಿರಲಿ. ಇದನ್ನು ಊರಿಗೆ ಒಯ್ಯಲು ಆಗುವುದಿಲ್ಲ. ಕೊಡವರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ ಇಂಥ ರೈಫಲಿಗೆ ಅನ್ವಯಿಸುತ್ತದೆ ಅಂತಲೂ ಅಂದುಕೊಳ್ಳಬೇಡಿ.

ಏನನ್ನು ಕೊಳ್ಳುತ್ತಿದ್ದೀರಿ?

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನಿಡಿ: ನೀವು ಕೊಳ್ಳುತ್ತಿರುವುದು ರಿಸೀವರ್. ಬೋಲ್ಟ್ ಓಡಾಡುವ, ಬ್ಯಾರೆಲ್ ತಿರುಪಿಕೊಳ್ಳುವ ಮೇಲಿನ ಉಕ್ಕಿನ ಒಡಲು ಅದು. ಎಫ್‌ಎಎಲ್‌ನಲ್ಲಿ ಕಾನೂನಿನ ಪ್ರಕಾರ 'ಬಂದೂಕು' ಅಂದರೆ ಅದೇ. ಸೀರಿಯಲ್ ನಂಬರ್ ಇರುವುದೂ ಅದರ ಮೇಲೆ. ಹಿಡಿ, ಮರದ ಭಾಗ, ಸ್ಪ್ರಿಂಗ್, ಮ್ಯಾಗಜೀನ್, ಕೊನೆಗೆ ಬ್ಯಾರೆಲ್ ಕೂಡ ಬದಲಾಯಿಸಬಹುದು. ರಿಸೀವರ್ ಕೆಟ್ಟದ್ದಾದರೆ ಏನು ಮಾಡಿದರೂ ಸರಿಹೋಗದು.

ಇದಕ್ಕೆ ಹಿನ್ನೆಲೆ ಇದೆ. 1989ರಲ್ಲಿ ಅಮೆರಿಕ ಇಂಥ ರೈಫಲುಗಳ ಆಮದು ನಿಲ್ಲಿಸಿತು. ಆಮೇಲೆ ಬೇರೆ ಬೇರೆ ದೇಶಗಳ ಸೇನೆಗಳು ಕೈಬಿಟ್ಟ ಎಫ್‌ಎಎಲ್‌ಗಳು, ರಿಸೀವರನ್ನು ತುಂಡರಿಸಿದ ಬಿಡಿಭಾಗಗಳ ಕಟ್ಟಾಗಿ ಬಂದವು. ಇದಕ್ಕೆ ಪಾರ್ಟ್ಸ್ ಕಿಟ್ ಅನ್ನುತ್ತಾರೆ. ಅದಕ್ಕೆ ಅಮೆರಿಕದಲ್ಲೇ ಮಾಡಿದ ರಿಸೀವರ್ ಸೇರಿಸಿ ರೈಫಲ್ ಕಟ್ಟಿದರು. 2005ರ ನಂತರ ಕಿಟ್ ಜೊತೆ ಮೂಲ ಬ್ಯಾರೆಲ್ ಬರುವುದೂ ನಿಂತಿತು. ಹೀಗೆ ಕಟ್ಟಿದವುಗಳಲ್ಲಿ ಬಹಳ ಒಳ್ಳೆಯವೂ ಇವೆ, ಕೈಯಲ್ಲಿ ಹಿಡಿಯಲೂ ಬಾರದವೂ ಇವೆ. ಹೊರಗಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಹಳೆಯ ರಿಸೀವರುಗಳಲ್ಲಿ ಬ್ರೆಜಿಲ್‌ನ ಇಂಬೆಲ್ ಕಾರ್ಖಾನೆಯದಕ್ಕೆ ಒಳ್ಳೆಯ ಹೆಸರಿದೆ. ಹೊಸದರಲ್ಲಿ ಡಿಎಸ್ ಆರ್ಮ್ಸ್‌ನ ಎಸ್‌ಎ58.

ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು: ಗ್ಯಾರಂಟಿ ಇರುವ, ತಯಾರಕರೇ ಪೂರ್ತಿ ಜೋಡಿಸಿದ ಹೊಸ ರೈಫಲ್ ತೆಗೆದುಕೊಳ್ಳಿ. ಐನೂರು ಡಾಲರ್ ಉಳಿಯುತ್ತದೆ ಅಂತ ಯಾರು ಜೋಡಿಸಿದ್ದೋ ಗೊತ್ತಿಲ್ಲದ ರೈಫಲ್ ಕೊಂಡರೆ ಉಳಿದ ದುಡ್ಡು ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಪಾಲಾಗುತ್ತದೆ.

ಮೆಟ್ರಿಕ್ಕೋ ಇಂಚೋ?

ಎಫ್‌ಎಎಲ್ ಕುಟುಂಬದಲ್ಲಿ ಅಳತೆಯ ಪದ್ಧತಿಯ ಪ್ರಕಾರ ಎರಡು ಕವಲು. ಬೆಲ್ಜಿಯಂ, ಬ್ರೆಜಿಲ್, ಅರ್ಜೆಂಟೀನಾದ್ದು ಮೆಟ್ರಿಕ್. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾದ್ದು ಇಂಚು. ನಮ್ಮ 1ಎ1 ಬ್ರಿಟನ್ನಿನ ಎಲ್1ಎ1 ನೋಡಿ ಮಾಡಿಕೊಂಡದ್ದು. ಆದರೆ ಅದರ ಬಿಡಿಭಾಗಗಳೆಲ್ಲ ಈ ಎರಡಕ್ಕೂ ಸರಾಗವಾಗಿ ಹೊಂದುವುದಿಲ್ಲ. ಹೆಗಲಿಗೆ ಒತ್ತುವ ಮರದ ಬಟ್ಟಿನ ತುದಿಯ ಲೋಹದ ಪಟ್ಟಿಯಂತೂ ಹಳೆಯ .303 ಕೋವಿಯದ್ದೇ. ಎಣ್ಣೆ ಶೀಶೆ, ಬ್ಯಾರೆಲ್ ಒರೆಸುವ ಹಗ್ಗ ಇಡಲು ಅದರಲ್ಲಿ ಪುಟ್ಟ ಬಾಗಿಲಿದೆ.

ಹಾಗಾಗಿ 'ನಮ್ಮ ಎಸ್‌ಎಲ್‌ಆರ್' ಹಾಗೇ ಕಾಣಬೇಕು ಅನ್ನುವವರ ಮನಸ್ಸು ಇಂಚು ಮಾದರಿಯತ್ತ ವಾಲುತ್ತದೆ. ಮಡಚುವ ಕಾಕಿಂಗ್ ಹ್ಯಾಂಡಲ್ (ಬೋಲ್ಟ್ ಎಳೆಯುವ ಹಿಡಿ), ಬ್ಯಾರೆಲ್ ತುದಿಯ ಕಿಡಿ ಮರೆಮಾಡುವ ಉದ್ದನೆಯ ಫ್ಲ್ಯಾಶ್ ಹೈಡರ್, ಮರದ ಮೈ. ತೊಂದರೆ ಏನೆಂದರೆ ಅಮೆರಿಕದಲ್ಲಿ ಇಂಚು ಮಾದರಿ ಸಿಗುವುದು ಹೆಚ್ಚಾಗಿ ಹಳೆಯ ಕಿಟ್‌ಗಳಿಂದ ಕಟ್ಟಿದ್ದು. ಇಂಚು ಮ್ಯಾಗಜೀನಿನ ಮುಂದಿನ ಕೊಂಡಿ ದಪ್ಪ. ಅದು ಮೆಟ್ರಿಕ್ ರಿಸೀವರಿಗೆ ಕೂರುವುದೇ ಇಲ್ಲ. ಎರಡೂ ಜಾತಿಯ ಭಾಗಗಳನ್ನು ಬೆರಕೆ ಮಾಡಿ ಕಟ್ಟಿದ ರೈಫಲುಗಳೂ ಮಾರುಕಟ್ಟೆಯಲ್ಲಿವೆ. ಅಂಥವು ನಿಜಕ್ಕೂ ತಲೆನೋವು. ಗುಂಡು ಹಾರಿಸಬೇಕು, ಬಿಡಿಭಾಗ ಸುಲಭಕ್ಕೆ ಸಿಗಬೇಕು ಅಂದರೆ ಮೆಟ್ರಿಕ್ ತೆಗೆದುಕೊಳ್ಳಿ. ಅದಕ್ಕೂ ಮರದ ಬಟ್ಟು, ಮರದ ಹ್ಯಾಂಡ್‌ಗಾರ್ಡ್ (ಬ್ಯಾರೆಲ್ ಸುತ್ತಲಿನ ಹಿಡಿ) ಸಿಗುತ್ತವೆ.

ಮರ ಹಾಕುವಾಗ ಒಂದು ಲೆಕ್ಕ ಗಮನದಲ್ಲಿರಲಿ. 922(ಆರ್) ಅನ್ನುವ ಫೆಡರಲ್ ನಿಯಮದ ಪ್ರಕಾರ, ಪಟ್ಟಿ ಮಾಡಿದ 20 ಬಗೆಯ ಭಾಗಗಳಲ್ಲಿ ಆಮದಾದವು 10ಕ್ಕಿಂತ ಹೆಚ್ಚಿರಬಾರದು. ವಿದೇಶದ ಬಟ್ಟು, ಪಿಸ್ತೂಲ್ ಹಿಡಿ, ಹ್ಯಾಂಡ್‌ಗಾರ್ಡ್ ಹಾಕಿದರೆ ಅವೇ ಮೂರು. ವಿದೇಶದ ಮ್ಯಾಗಜೀನ್ ಹಾಕಿದರೆ ಅದರ ಡಬ್ಬಿ, ಒಳಗಿನ ತಟ್ಟೆ, ತಳ ಸೇರಿ ಇನ್ನೂ ಮೂರು. ಪೂರ್ತಿ ಅಮೆರಿಕದಲ್ಲೇ ಮಾಡಿದ ರೈಫಲಿಗೆ ಈ ಆರು ಸೇರಿದರೂ ತೊಂದರೆಯಿಲ್ಲ. ಕಿಟ್‌ನಿಂದ ಕಟ್ಟಿದ್ದಕ್ಕೆ ಮಾತ್ರ ಮಿತಿ ಬೇಗ ಮೀರುತ್ತದೆ. ಮಾರುವವರ ಹತ್ತಿರ ಯಾವ ಭಾಗ ಎಲ್ಲಿಯದು ಅನ್ನುವ ಪಟ್ಟಿ ಕೇಳಿ. ಸತತವಾಗಿ ಗುಂಡು ಹಾರಿಸುವ ಸೇನೆಯ ಫುಲ್ ಆಟೊ ಭಾಗಗಳ ಕಡೆಗಂತೂ ತಲೆ ಹಾಕಲೇಬೇಡಿ. ಅದು ಜೈಲಿನ ದಾರಿ.

ಕೈಗೆ ತೆಗೆದುಕೊಂಡು ನೋಡುವಾಗ

ಮೊದಲು ಮ್ಯಾಗಜೀನ್ ತೆಗೆದು, ಬೋಲ್ಟ್ ಹಿಂದಕ್ಕೆಳೆದು, ಚೇಂಬರ್ (ತೋಟಾ ಕೂರುವ ಗೂಡು) ಖಾಲಿ ಇದೆಯೇ ಅಂತ ಕಣ್ಣಲ್ಲೂ ಬೆರಳಲ್ಲೂ ಖಚಿತ ಮಾಡಿಕೊಳ್ಳಿ. ಅಂಗಡಿಯವನು ಈಗಷ್ಟೇ ನೋಡಿದ್ದರೂ ಸರಿ, ನೀವೂ ನೋಡಿ.

ಆಮೇಲೆ ರೈಫಲಿನ ಹಿಂದೆ ನಿಂತು ಗುರಿ ನೋಡುವಂತೆ ಮುಂದಿನ ಸೈಟ್ ನೋಡಿ. ಅದು ನೆಟ್ಟಗಿದೆಯಾ, ಒಂದು ಕಡೆ ವಾಲಿದೆಯಾ? ಎಫ್‌ಎಎಲ್ ತದ್ರೂಪುಗಳಲ್ಲಿ ಪದೇ ಪದೇ ಕಾಣುವ ದೋಷ ಇದು. ಬ್ಯಾರೆಲನ್ನು ರಿಸೀವರಿಗೆ ತಿರುಪುವಾಗ ಸ್ವಲ್ಪ ಕಡಿಮೆಯೋ ಹೆಚ್ಚೋ ತಿರುಗಿಸಿದರೆ ಮುಂದಿನ ಸೈಟ್, ಗ್ಯಾಸ್ ಬ್ಲಾಕ್ (ಬ್ಯಾರೆಲಿನ ಗ್ಯಾಸನ್ನು ಪಿಸ್ಟನ್ನಿಗೆ ಕಳಿಸುವ ಭಾಗ) ಎರಡೂ ಓರೆಯಾಗುತ್ತವೆ. ಸರಿಮಾಡಲು ಬ್ಯಾರೆಲ್ ಬಿಚ್ಚಬೇಕು. ವಾಲಿದ್ದು ಕಂಡರೆ ಅಲ್ಲೇ ವಾಪಸ್ ಕೊಟ್ಟು ಬನ್ನಿ.

ಹಿಂಬದಿಯ ಲಿವರ್ ಒತ್ತಿದರೆ ಈ ರೈಫಲ್ ಜೋಡುನಳಿಗೆ ಕೋವಿಯ ಹಾಗೆ ಮಧ್ಯದಲ್ಲಿ ಮುರಿದು ತೆರೆದುಕೊಳ್ಳುತ್ತದೆ. ತೆರೆಯಲು ಅನುಮತಿ ಕೇಳಿ. ಕೊಡದಿದ್ದರೆ ಬೇರೆ ಅಂಗಡಿ ನೋಡಿ. ಬೋಲ್ಟ್ ಮತ್ತು ಅದರ ಕ್ಯಾರಿಯರ್ ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ಬಿರುಕು, ಜಜ್ಜಿದ ಅಂಚು, ತುಕ್ಕಿನ ಗುಳಿ ಇರಬಾರದು. ಹಳೆಯದಾದರೆ ಎರಡರ ಮೇಲೂ ನಂಬರ್ ಒಂದೇ ಇದೆಯೇ ನೋಡಿ. ಮತ್ತೆ ಮುಚ್ಚಿ, ಮೇಲಿನ ಕೆಳಗಿನ ಭಾಗ ಹಿಡಿದು ಅಲುಗಾಡಿಸಿ. ತುಸು ಸಡಿಲ ಇದ್ದರೆ ಪರವಾಗಿಲ್ಲ. ಗಡಗಡ ಅನ್ನಬಾರದು.

ರಿಸೀವರಿನ ಒಳಗೆ, ಮ್ಯಾಗಜೀನ್ ಕೂರುವ ಜಾಗದ ಹಿಂಬದಿಯಲ್ಲಿ ಅಡ್ಡಲಾಗಿ ಒಂದು ದಪ್ಪ ಪಿನ್ ಇದೆ. ಅದೇ ಲಾಕಿಂಗ್ ಶೋಲ್ಡರ್. ಗುಂಡು ಹಾರುವಾಗ ಬೋಲ್ಟಿನ ಹಿಂಬದಿ ಕೆಳಗಿಳಿದು ಇದಕ್ಕೆ ಒರಗಿ ನಿಲ್ಲುತ್ತದೆ. ಅಷ್ಟೂ ಒತ್ತಡವನ್ನು ತಡೆಯುವುದು ಈ ಪಿನ್. ಇದು ಒಂದೇ ಅಳತೆಯಲ್ಲಿ ಬರುವುದಿಲ್ಲ. ಇಂಚಿನ ಸಾವಿರದ ಒಂದು ಭಾಗದಷ್ಟು ವ್ಯತ್ಯಾಸದಲ್ಲಿ ಹಲವು ಅಳತೆಗಳಿವೆ. ಆ ಬ್ಯಾರೆಲ್, ಆ ಬೋಲ್ಟ್, ಆ ರಿಸೀವರಿಗೆ ಹೊಂದುವುದನ್ನೇ ಆರಿಸಿ ಕೂರಿಸಬೇಕು. ತೋಟಾ ಚೇಂಬರಿನಲ್ಲಿ ಎಷ್ಟು ಬಿಗಿಯಾಗಿ ಕೂರುತ್ತದೆ ಅನ್ನುವ ಹೆಡ್‌ಸ್ಪೇಸ್ ಲೆಕ್ಕ ಇದರ ಮೇಲೇ ನಿಂತಿದೆ. ಲೆಕ್ಕ ತಪ್ಪಿದರೆ ತೋಟಾದ ಹಿತ್ತಾಳೆ ಹರಿದು ಬಿಸಿ ಗ್ಯಾಸ್ ಮುಖದತ್ತ ನುಗ್ಗಬಹುದು. ಹಳೆಯ ರೈಫಲ್ ಕೊಂಡರೆ, ಯಾರು ಏನೇ ಭರವಸೆ ಕೊಟ್ಟರೂ, ಮೊದಲ ಗುಂಡಿಗೆ ಮುಂಚೆ ಎಫ್‌ಎಎಲ್ ಗೊತ್ತಿರುವ ಗನ್‌ಸ್ಮಿತ್ ಹತ್ತಿರ ಗೇಜ್ ಹಾಕಿಸಿ ನೋಡಿ.

ಬ್ಯಾರೆಲ್ ಒಳಗೆ ಬೆಳಕು ಬಿಟ್ಟು ನೋಡಿ. ಸುರುಳಿ ಗೀರುಗಳು ಚೂಪಾಗಿ ಕಾಣಬೇಕು. ನಿಮ್ಮದೇ ಮ್ಯಾಗಜೀನ್ ಇದ್ದರೆ ಹಾಕಿ ತೆಗೆದು ನೋಡಿ.

ಕಾಗದ ಪತ್ರ

ಆನ್‌ಲೈನಿನಲ್ಲಿ ಕೊಂಡರೂ ರೈಫಲ್ ನಿಮ್ಮ ಮನೆಗೆ ಬರುವುದಿಲ್ಲ. ಲೈಸೆನ್ಸ್ ಇರುವ ಡೀಲರ್ ಅಂಗಡಿಗೆ ಬರುತ್ತದೆ. ಅವರು ಒಂದಿಷ್ಟು ಶುಲ್ಕ ತೆಗೆದುಕೊಳ್ಳುತ್ತಾರೆ. ಅಲ್ಲಿ 4473 ಅನ್ನುವ ಫಾರಂ ತುಂಬಬೇಕು. ಆಮೇಲೆ ಎಫ್‌ಬಿಐ ನಡೆಸುವ ಎನ್‌ಐಸಿಎಸ್ ಮೂಲಕ ನಿಮ್ಮ ಹಿನ್ನೆಲೆ ನೋಡುತ್ತಾರೆ. ಹಲವರಿಗೆ ಕೆಲವೇ ನಿಮಿಷ. ಕೆಲವರಿಗೆ, ಅದರಲ್ಲೂ ಹೆಸರು ಬೇರೆಯವರ ಜೊತೆ ಹೋಲುವವರಿಗೆ, ತಡವಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದು ತರಹ, ಗ್ರೀನ್ ಕಾರ್ಡಿನಲ್ಲಿ ಇನ್ನೊಂದು ತರಹ ಇನಿಷಿಯಲ್ ಇರುವುದು ನಮ್ಮವರಲ್ಲಿ ಮಾಮೂಲು, ಅಲ್ವಾ? ಫಾರಂನಲ್ಲಿ ಗುರುತಿನ ಚೀಟಿಯಲ್ಲಿ ಇದ್ದ ಹಾಗೆಯೇ ಬರೆಯಿರಿ.

ಎರಡು ಪ್ರಶ್ನೆಗಳ ಬಗ್ಗೆ ಎಚ್ಚರ. ಒಂದು, ನಿಜವಾಗಿ ಕೊಳ್ಳುತ್ತಿರುವುದು ನೀವೇನಾ ಅನ್ನುವುದು. ಎಚ್-1ಬಿಯಲ್ಲಿರುವ ಗೆಳೆಯ ದುಡ್ಡು ಕೊಟ್ಟು 'ನಿನ್ನ ಹೆಸರಲ್ಲಿ ತಗೋ' ಅಂದರೆ ಒಪ್ಪಬೇಡಿ. ಅದು ಫೆಡರಲ್ ಅಪರಾಧ. ಎಷ್ಟೇ ಹಳೆಯ ಸ್ನೇಹವಾದರೂ ಸರಿ. ಎರಡು, ಗಾಂಜಾ. ನಿಮ್ಮ ರಾಜ್ಯದಲ್ಲಿ ಅದಕ್ಕೆ ಅನುಮತಿ ಇದ್ದರೂ ಈ ಫಾರಂ ಕೇಳುವುದು ಫೆಡರಲ್ ಕಾನೂನಿನ ಲೆಕ್ಕ. ಸುಳ್ಳು ಬರೆದರೆ ಅದೇ ಬೇರೆ ಅಪರಾಧ.

ಮನೆಗೆ ತರುವ ಮುನ್ನ

ಸ್ಟೀಲ್ ಕಪಾಟು ಮೊದಲು, ರೈಫಲ್ ಆಮೇಲೆ. ಈ ಕ್ರಮ ಬದಲಾಗಬಾರದು. ತೋಟಾಗಳಿಗೆ ಬೇರೆ ಬೀಗ. ಕಪಾಟಿನ ನಂಬರ್ ಮಕ್ಕಳಿಗೆ, ಮನೆಗೆ ಬರುವ ನೆಂಟರಿಗೆ ಗೊತ್ತಿರಬಾರದು. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿ ಇದ್ದರೆ, ಹದಿಹರೆಯದ ಮಗ ಮಗಳು ಕಷ್ಟದ ದಿನಗಳನ್ನು ಕಳೆಯುತ್ತಿದ್ದರೆ, ಈ ಖರೀದಿಯನ್ನು ಮುಂದಕ್ಕೆ ಹಾಕಿ. ಮನೆಯವರ ಜೊತೆ ಕೂತು ಮಾತಾಡಿ, ಅವರಿಗೂ ಒಪ್ಪಿಗೆಯಾದ ಮೇಲೆಯೇ ತನ್ನಿ. ರೈಫಲ್ ಎಲ್ಲೂ ಹೋಗುವುದಿಲ್ಲ.

ಮೊದಲ ದಿನ ರೇಂಜಿನಲ್ಲಿ

ತೋಟಾ ಅಗ್ಗವಲ್ಲ. 7.62 ನ್ಯಾಟೊ ಒಂದಕ್ಕೆ ಸುಮಾರು ಒಂದು ಡಾಲರ್ ಅಂತ ಲೆಕ್ಕ ಹಾಕಿ. ಬ್ಯಾರೆಲ್ ಮೇಲೆ ಮತ್ತು ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ಕೊಳ್ಳಿ. ನಾಗರಿಕರಿಗೆ ಮಾರುವ .308 ಮತ್ತು ಸೇನೆಯ 7.62 ನ್ಯಾಟೊ ನೋಡಲು ಒಂದೇ ತರಹ ಇದ್ದರೂ ಅವುಗಳ ಚೇಂಬರ್ ಅಳತೆ ಪೂರ್ತಿ ಒಂದೇ ಅಲ್ಲ. 147ರಿಂದ 150 ಗ್ರೇನ್ ತೂಕದ ಗುಂಡು ಈ ರೈಫಲಿಗೆ ಹೊಂದುತ್ತದೆ. ಹಲವು ರೇಂಜುಗಳಲ್ಲಿ ಅಯಸ್ಕಾಂತ ಹಿಡಿದು ನೋಡಿ, ಉಕ್ಕು ಇರುವ ಗುಂಡನ್ನು ಬಿಡುವುದಿಲ್ಲ. ಕಿವಿಗೆ ಪ್ಲಗ್, ಅದರ ಮೇಲೆ ಮಫ್. ಕಣ್ಣಿಗೆ ಕನ್ನಡಕ. ನಾಲ್ಕು ಕಿಲೋಗೂ ಹೆಚ್ಚು ತೂಗುವ ರೈಫಲ್ ಆದರೂ ಹೆಗಲಿಗೆ ಚೆನ್ನಾಗಿಯೇ ಗುದ್ದುತ್ತದೆ. ಬಟ್ಟನ್ನು ಹೆಗಲಿಗೆ ಬಿಗಿಯಾಗಿ ಒತ್ತಿಕೊಳ್ಳಿ.

ಮುಂದಿನ ಗ್ಯಾಸ್ ಪ್ಲಗ್ ಒಮ್ಮೆ ನೋಡಿ. ಮೆಟ್ರಿಕ್ ಮಾದರಿಯಲ್ಲಿ 'ಎ' ಅಕ್ಷರ ಮೇಲಿರಬೇಕು. 'ಜಿಆರ್' ಮೇಲಿದ್ದರೆ ಅದು ಗ್ರೆನೇಡ್ ಹಾರಿಸುವ ಸ್ಥಿತಿ. ಬೋಲ್ಟನ್ನು ಹಿಂದಕ್ಕೆ ತಳ್ಳುವ ಪಿಸ್ಟನ್ನಿಗೆ ಗ್ಯಾಸ್ ಹೋಗುವುದಿಲ್ಲ. ಪ್ರತಿ ಈಡಿಗೂ ಕೈಯಲ್ಲೇ ಹ್ಯಾಂಡಲ್ ಎಳೆಯಬೇಕಾಗುತ್ತದೆ. ಇದು ಗೊತ್ತಿಲ್ಲದೆ ರೈಫಲ್ ಕೆಟ್ಟಿದೆ ಅಂದುಕೊಳ್ಳುವ ಹೊಸಬರಿದ್ದಾರೆ.

ಆಮೇಲೆ ಗ್ಯಾಸ್ ಹೊಂದಿಸುವ ಕೆಲಸ. ನನಗೆ ಈ ರೈಫಲಿನಲ್ಲಿ ತುಂಬಾ ಇಷ್ಟವಾಗುವುದು ಇದೇ. ಮರಳುಗಾಡಿನ ಧೂಳಿಗೂ ಹಿಮಕ್ಕೂ ಒಂದೇ ರೈಫಲ್ ಹೊಂದಿಕೊಂಡದ್ದು ಇದರಿಂದ. ಗ್ಯಾಸ್ ಬ್ಲಾಕ್ ಹಿಂದಿನ ಉಂಗುರವನ್ನು ಪೂರ್ತಿ ತೆರೆದಿಡಿ. ಆಗ ಹೆಚ್ಚಿನ ಗ್ಯಾಸ್ ಹೊರಗೆ ಹೋಗುತ್ತದೆ. ಮ್ಯಾಗಜೀನಿನಲ್ಲಿ ಒಂದೇ ತೋಟಾ ಹಾಕಿ ಹಾರಿಸಿ. ಬೋಲ್ಟ್ ಹಿಂದೆ ಹೋಗಿ ಅಲ್ಲೇ ನಿಲ್ಲಬೇಕು. ನಿಲ್ಲದೆ ಮುಂದೆ ಬಂದರೆ ಉಂಗುರವನ್ನು ಒಂದು ಕ್ಲಿಕ್ ಮುಚ್ಚಿ, ಮತ್ತೆ ಒಂದೇ ತೋಟಾ ಹಾಕಿ ಹಾರಿಸಿ. ಬೋಲ್ಟ್ ಹಿಂದೆ ನಿಲ್ಲುವ ತನಕ ಹೀಗೇ ಮಾಡಿ. ನಿಂತ ಮೇಲೆ ಇನ್ನೆರಡು ಕ್ಲಿಕ್ ಮುಚ್ಚಿ. ಕೆಲವು ಸಲ ಹಾರಿಸಿ ಖಚಿತ ಮಾಡಿಕೊಳ್ಳಿ. ಇಂಚು ಮಾದರಿಯ ಹಲವು ರೈಫಲುಗಳಲ್ಲಿ ಕೊನೆಯ ಗುಂಡಿನ ನಂತರ ಬೋಲ್ಟ್ ತಾನಾಗಿ ನಿಲ್ಲುವುದಿಲ್ಲ. ಅಂಥದ್ದಾದರೆ ಈ ಪರೀಕ್ಷೆ ಕೆಲಸ ಮಾಡದು, ಅದರ ಕೈಪಿಡಿ ನೋಡಬೇಕು.

ಹೊರಬಿದ್ದ ಹಿತ್ತಾಳೆ ಚಿಪ್ಪುಗಳನ್ನು ಆರಿಸಿ ನೋಡಿ. ಬುಡದ ಹತ್ತಿರ ಸುತ್ತಲೂ ಹೊಳೆಯುವ ಗೆರೆ, ಬಿರುಕು, ಚಪ್ಪಟೆಯಾದ ಪ್ರೈಮರ್ (ಚಿಪ್ಪಿನ ಬುಡದ ಪುಟ್ಟ ಸಿಡಿಮದ್ದಿನ ಬಟ್ಟಲು) ಕಂಡರೆ ಅವತ್ತಿಗೆ ಅಲ್ಲೇ ನಿಲ್ಲಿಸಿ, ರೈಫಲನ್ನು ಗನ್‌ಸ್ಮಿತ್‌ಗೆ ತೋರಿಸಿ. ಎಲ್ಲ ಸರಿಯಿದ್ದರೆ ಗ್ಯಾಸ್ ಉಂಗುರದ ನಂಬರನ್ನೂ ಬಳಸಿದ ತೋಟಾದ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ರೈಫಲ್ ಚೀಲದಲ್ಲಿಡಿ. ತೋಟಾದ ಬ್ರ್ಯಾಂಡ್ ಬದಲಾಯಿಸಿದಾಗ ಮತ್ತೆ ಹೊಂದಿಸಬೇಕಾಗಬಹುದು.